ಅಚ್ಯುತನಿಗೆ ಬೇಕಾದ ಹತ್ತು ಒಳ್ಳೆಯ ಮಾತು

ಅಚ್ಯುತ ಬುದ್ಧಿವಂತ ಎಂಬ ವಿಷಯದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅನುಮಾನ ಪಡಲು ಅವನು ಯಾರಿಗೂ ಪುರಸೊತ್ತು ಕೊಟ್ಟವನಲ್ಲ. ಪರಿಚಯವಾದ ಹತ್ತು ನಿಮಿಷದೊಳಗೆ, ಅವನು ಎಸ್ಸೆಸ್ಸೆಲ್ಸಿಯಲ್ಲಿ ಮೈಸೂರು ಜಿಲ್ಲೆಗೇ ಮೂರನೆಯವನಾಗಿ ಪಾಸಾದ ಸಂಗತಿ ಎಲ್ಲಿಂದಲಾದರೂ ಮಾತಿನೊಳಗೆ ನುಸುಳಿ ಬರುತ್ತಿತ್ತು. ಮಾತು ಹವೆಯ ಮೇಲಿದ್ದರೆ, ಆ ವರ್ಷದ ಮಾರ್ಚಿನಲ್ಲಿ ಎಂಥ ಸೆಕೆಯಿತ್ತು, ಆ ಸೆಕೆಯಲ್ಲೂ ಗಣಿತದ ಪತ್ರಿಕೆಯನ್ನು ಅವನು ಅರ್ಧ ಗಂಟೆ ಮೊದಲೇ ಮುಗಿಸಿ ಹೊರಬಂದದ್ದು ಹೇಗೆ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಮಾತು ಬದನೆಕಾಯಿಯ ಮೇಲಿದ್ದರೂ ಅಲ್ಲಿಗೇ ಬರುತ್ತಿತ್ತು, ಸ್ವಲ್ಪ ಸುತ್ತು ಹೆಚ್ಚು, ಅಷ್ಟೇ.

ಈಗ ಅವನಿಗೆ ನಲವತ್ತೆಂಟು. ಕಡಲಾಚೆಯ ಡ್ಯಾನ್‌ವಿಲ್‌ನಲ್ಲಿ ಮನೆ, ಹೆಂಡತಿ ಸತ್ಯವತಿ, ಹದಿನೈದು ವರ್ಷದ ಮಗಳು ಗಾರ್ಗಿ, ರೆಡ್‌ವುಡ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹದಿನಾಲ್ಕು ವರ್ಷದ ಕೆಲಸ. ಆ ಹದಿನಾಲ್ಕರಲ್ಲಿ ಕೊನೆಯ ಒಂಬತ್ತು ವರ್ಷ ಒಂದೇ ಕುರ್ಚಿ. ಅವನ ಬಳಿ ಕೆಲಸ ಕಲಿತವರು ಒಬ್ಬೊಬ್ಬರಾಗಿ ಅವನನ್ನು ದಾಟಿ ಮೇಲಕ್ಕೆ ಹೋಗಿದ್ದರು.

"ನನ್ನ ಲೆವೆಲ್ಲು ಅವರಿಗೆ ಅರ್ಥ ಆಗಲ್ಲ ಕಣೇ" ಎಂದು ಅವನು ಹೇಳುತ್ತಿದ್ದ.

"ಅರ್ಥ ಆಗೋ ಹಾಗೆ ಒಂದ್ ಸಲ ಹೇಳಿ ನೋಡಿ" ಎಂದು ಸತ್ಯವತಿ ಹೇಳುತ್ತಿದ್ದಳು. ಅದು ಅವನಿಗೆ ಅರ್ಥವಾಗುತ್ತಿರಲಿಲ್ಲ.

ಈ ವರ್ಷ ಅವನ ವಿಭಾಗದ ಮುಖ್ಯಸ್ಥ ಕೆಲಸ ಬಿಟ್ಟ. ಜಾಗ ಖಾಲಿಯಾದ ದಿನವೇ ಅಚ್ಯುತ ಮನೆಗೆ ಬಂದು, "ನನಗೇ. ಆರ್ಡರು ಬರೋದೊಂದು ಬಾಕಿ" ಎಂದುಬಿಟ್ಟ. ಮೈಸೂರಿನಲ್ಲಿರುವ ಅಣ್ಣ ಮಧುಕರನಿಗೆ ಫೋನು ಮಾಡುವಾಗ ಆರ್ಡರಿನ ಮಾತನ್ನೂ ಕೈಬಿಟ್ಟು, ಆಯಿತು ಎಂದೇ ಹೇಳಿದ. ಮಧುಕರ ಸರಸ್ವತಿಪುರದ ತಮ್ಮ ರಸ್ತೆಯಲ್ಲಿ ಮನೆಮನೆಗೂ ಮೈಸೂರುಪಾಕು ಹಂಚಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೇವೆ. ಇಲ್ಲಿ ಕೂಸಿನ ನಾಮಕರಣ, ಕಿವಿ ಚುಚ್ಚುವುದು ಎಲ್ಲ ಮುಗಿದಿತ್ತು. ಆರು ತಿಂಗಳಾದರೂ ಆರ್ಡರು ಮಾತ್ರ ಬರಲಿಲ್ಲ.

ಆರ್ಡರಿನ ಬದಲು ಒಂದು ಸೋಮವಾರ ಡೈರೆಕ್ಟರಮ್ಮನ ಕರೆ ಬಂತು. ಹೋಗಿ ನೋಡಿದರೆ ಅಲ್ಲಿ ಅದೇ ಖಾಲಿ ಜಾಗಕ್ಕೆ ಕಾದಿದ್ದ ಪ್ರದ್ಯುಮ್ನನೂ ಕುಳಿತಿದ್ದ. ಮೂವತ್ತಾರರ ಹುಡುಗ, ಅಚ್ಯುತನಷ್ಟೇ ಚುರುಕು, ಅಚ್ಯುತನಿಗಿಂತ ಒಳ್ಳೆಯ ಷರಟು. ಪಕ್ಕದಲ್ಲಿ ಕಂಪನಿ ಗೊತ್ತುಮಾಡಿದ್ದ ಒಬ್ಬ ಕೋಚ್. ಮೈದಾನದಲ್ಲಿ ಸೀಟಿ ಊದುವ ಕೋಚ್ ಅಲ್ಲ, ದೊಡ್ಡ ಹುದ್ದೆಗೆ ಹೋಗುವವರನ್ನು ತಿದ್ದುವ ಕೋಚ್. ಅವನು ನಗುನಗುತ್ತಾ ಹೇಳಿದ್ದಿಷ್ಟು: ನಿಮ್ಮಿಬ್ಬರಿಗೂ ಬುದ್ಧಿ ಇದೆ, ಅದು ಕಂಪನಿಗೆ ಗೊತ್ತು. ನಿಮ್ಮ ಜೊತೆ ಬಾಳಿದವರಿಗೆ ನೀವು ಹೇಗೆ ಕಾಣುತ್ತೀರಿ, ಅದು ಗೊತ್ತಿಲ್ಲ. ಮನೆಯವರು, ನೆಂಟರು, ನೆರೆಯವರು, ಹೀಗೆ ಆಫೀಸಿನ ಹೊರಗಿನ ಹತ್ತು ಜನರಿಂದ ತಲಾ ಒಂದು ಪ್ರಸಂಗ ಬರೆಸಿಕೊಂಡು ಬನ್ನಿ. ನೀವು ಅತ್ಯಂತ ಚೆನ್ನಾಗಿ ನಡೆದುಕೊಂಡದ್ದನ್ನು ಅವರು ಕಣ್ಣಾರೆ ನೋಡಿರಬೇಕು. ಶುಕ್ರವಾರ ಸಂಜೆ ನಾಲ್ಕಕ್ಕೆ ವಿಡಿಯೋದಲ್ಲಿ ಕೂಡೋಣ. ಐದಕ್ಕೆ ಬಾಗಿಲು ಮುಚ್ಚುತ್ತದೆ. ಒಂಬತ್ತೇ ಪ್ರಸಂಗವಾದರೆ ಲೆಕ್ಕಕ್ಕಿಲ್ಲ.

"ಇದರ ಬದಲು ಅಂಕಪಟ್ಟಿ ಆಗುತ್ತದೆಯೇ?" ಎಂದು ಅಚ್ಯುತ ಕೇಳಿದ. ಕೋಚ್ ಅದನ್ನು ತಮಾಷೆಯೆಂದುಕೊಂಡು ಬಹಳ ಹೊತ್ತು ನಕ್ಕ.

ಪ್ರದ್ಯುಮ್ನ ಅಂದು ಸಂಜೆಯೊಳಗೆ ಹತ್ತನ್ನೂ ತರಿಸಿಕೊಂಡ. ಅಚ್ಯುತ ಮಂಗಳವಾರವೆಲ್ಲ ಈ ಪದ್ಧತಿಯಲ್ಲಿರುವ ತಪ್ಪುಗಳ ಒಂದು ಪಟ್ಟಿ ಮಾಡಿದ. ಬುಧವಾರ ಮಧ್ಯಾಹ್ನ, ಬೇರೆ ದಾರಿಯಿಲ್ಲವೆಂದು ಖಚಿತವಾದ ಮೇಲೆ ಕಾಗದ ಬರೆಯಲು ಕುಳಿತ. ಕನ್ನಡದಲ್ಲೇ ಬರೆದ. ಉತ್ತರವೂ ಕನ್ನಡದಲ್ಲಿ ಬಂದರೆ, ಇಂಗ್ಲಿಷಿಗೆ ತಿರುಗಿಸುವಾಗ ಒಂದಿಷ್ಟು ಬುದ್ಧಿವಂತಿಕೆಯನ್ನು ತಾನೇ ಸೇರಿಸಿಕೊಳ್ಳಬಹುದೆಂಬ ಲೆಕ್ಕ. ಆದರೆ ಜಿಲ್ಲೆಗೆ ಮೂರನೆಯವನು ಈ ವಯಸ್ಸಿನಲ್ಲಿ ಮನೆಮನೆಗೆ ಹೋಗಿ ನಡತೆಯ ಸರ್ಟಿಫಿಕೇಟು ಬೇಡುವುದೆಂದರೇನು? ಮೇಲಾಗಿ, ಆಗಿಯೇ ಹೋಗಿದೆ ಎಂದು ಸಾರಿದ ಪ್ರಮೋಷನ್ನು ಇನ್ನೂ ಆಗಿಲ್ಲವೆಂದು ಯಾವ ಬಾಯಲ್ಲಿ ಹೇಳುವುದು? ಹಾಗಾಗಿ ಕಾರಣವನ್ನು ಮುಚ್ಚಿಟ್ಟು, ಘನವಾದ ಶೈಲಿಯಲ್ಲಿ ಹೀಗೆ ಬರೆದು ಫೋನಿನಲ್ಲೇ ಹತ್ತು ಜನಕ್ಕೆ ಕಳಿಸಿದ:

'ಆತ್ಮೀಯರೇ, ಇಷ್ಟು ವರ್ಷ ನನ್ನನ್ನು ಹತ್ತಿರದಿಂದ ಬಲ್ಲಿರಿ. ಬದುಕಿನ ಈ ನಿರ್ಣಾಯಕ ಘಟ್ಟದಲ್ಲಿ ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ನಾನು ಒಳ್ಳೆಯ ರೀತಿಯಲ್ಲಿ ನಡೆದುಕೊಂಡ ಒಂದು ಪ್ರಸಂಗವಾದರೂ ನಿಮಗೆ ನೆನಪಿದ್ದರೆ ಬರೆದು ತಿಳಿಸಿ. ಶುಕ್ರವಾರ ಸಂಜೆ ಐದು ಗಂಟೆಯೊಳಗೆ ತಲುಪಬೇಕು. ಅನಂತರ ಬಂದರೆ ನನಗೆ ಉಪಯೋಗವಿಲ್ಲ. ಕಾರಣ ಕೇಳಬೇಡಿ. ಸತ್ಯವತಿಗೆ ತಿಳಿಯುವುದು ಬೇಡ. ಅವಳು ತಡೆದುಕೊಳ್ಳಲಾರಳು.'

ಸತ್ಯವತಿಗೆ ತಡೆದುಕೊಳ್ಳಲಾಗದೆ ಇರುವುದು ನಗು ಎಂದು ಅಚ್ಯುತನ ಇಂಗಿತ. ಅದೊಂದು ಶಬ್ದ ಬರೆಯಲು ಬಿಟ್ಟುಹೋಯಿತು. ಬರೆದಿದ್ದರೂ ದೊಡ್ಡ ವ್ಯತ್ಯಾಸವೇನೂ ಆಗುತ್ತಿರಲಿಲ್ಲ. ನಮ್ಮ ಕಡೆ ಒಬ್ಬ ಮನುಷ್ಯ ತಾನಾಗಿ ಬಂದು ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ಎಂದನೆಂದರೆ, ಒಂದೋ ಅವನು ಚುನಾವಣೆಗೆ ನಿಂತಿರಬೇಕು, ಇಲ್ಲವೇ ಡಾಕ್ಟರು ಕೈ ಚೆಲ್ಲಿರಬೇಕು. ಡ್ಯಾನ್‌ವಿಲ್‌ನಲ್ಲಿ ಆಗ ಚುನಾವಣೆ ಇರಲಿಲ್ಲ.

ಸಂಜೆ ಅಚ್ಯುತ ಮನೆಗೆ ಬರುವಷ್ಟರಲ್ಲಿ ಜಲೀಲರು ಬಾಗಿಲಲ್ಲಿ ಕಾಯುತ್ತಿದ್ದರು. ಎರಡು ಮನೆ ಆಚೆಗಿರುವ ಹುಬ್ಬಳ್ಳಿಯವರು, ಸ್ಯಾನ್ ರಾಮೋನ್‌ನಲ್ಲಿ ಅವರದು ಟೈಲ್ಸಿನ ಅಂಗಡಿ. ಕೈಯಲ್ಲಿ ದೊಡ್ಡ ಡಬ್ಬಿ.

"ಆರಾಮ್ ಅದೀರೇನ್ರಿ ಸರ?"

"ಆರಾಮಾಗಿದ್ದೀನಿ ಜಲೀಲ್ ಸಾಹೇಬ್ರೇ. ನನ್ನ ಮೆಸೇಜು ಬಂತಾ?"

ಜಲೀಲರ ಕಣ್ಣು ತುಂಬಿತು. "ಬಂತ್ರಿ. ನಮ್ಮಾಕಿ ನಸೀಮಾ ಓದಿದಾಗಿಂದ ಅಳಾಕ ಹತ್ಯಾಳ್ರಿ."

ತನ್ನ ಕನ್ನಡಕ್ಕೆ ಇನ್ನೂ ಇಷ್ಟು ಶಕ್ತಿಯಿದೆಯೇ ಎಂದು ಅಚ್ಯುತನಿಗೆ ಒಳಗೊಳಗೇ ಹಿಗ್ಗಾಯಿತು. "ಶುಕ್ರವಾರದ ತನಕ ಮಾತ್ರ ಟೈಮು" ಎಂದು ನೆನಪಿಸಿದ.

"ಅಷ್ಟ್ ಖಾತ್ರಿಲೆ ಹ್ಯಾಂಗ ಹೇಳ್ತಾರ್ರೀ ಅವ್ರು? ಬ್ಯಾರೆ ಕಡೆ ಒಮ್ಮೆ ತೋರಿಸಿ ಕೇಳ್ರಲಾ."

"ಕೇಳಿ ನೋಡಿದೆ. ಡೇಟು ಮುಂದಕ್ಕೆ ಹಾಕಲ್ವಂತೆ. ಎಲ್ಲರಿಗೂ ಒಂದೇ ರೂಲು ಅಂದ್ರು."

"ಖರೇ ರೀ" ಎಂದು ಜಲೀಲರು ನಿಟ್ಟುಸಿರುಬಿಟ್ಟರು. "ಇಂದಿಲ್ಲ ನಾಳೆ ಎಲ್ಲಾರಿಗೂ ಅದ ರೂಲು."

"ನನ್ನ ಜೊತೆ ಇನ್ನೊಬ್ಬನೂ ಇದ್ದಾನೆ, ಪ್ರದ್ಯುಮ್ನ ಅಂತ. ಅವನು ಆಗಲೇ ಪೂರ್ತಿ ರೆಡಿ ಆಗಿ ಕೂತಿದ್ದಾನೆ."

"ವಯಸ್ಸೆಷ್ಟ್ರಿ ಅವ್ರಿಗೆ?"

"ಮೂವತ್ತಾರು."

ಜಲೀಲರು ಗೋಡೆ ಹಿಡಿದುಕೊಂಡರು. ಆಮೇಲೆ ಡಬ್ಬಿಯನ್ನು ಕೈಗಿಟ್ಟು, "ಶುಕ್ರವಾರ ಅಂದ್ರ ನಮ್ಮಾಗ ಭಾಳ ಛಲೋ ದಿನಾ ಅಂತಾರ್ರಿ" ಎಂದು ಸಮಾಧಾನ ಹೇಳಿದರು. ಮರುದಿನ ಕಸದ ಗಾಡಿ ಬರುವ ದಿನ. ಅಚ್ಯುತ ಕಸದ ಡಬ್ಬಗಳನ್ನು ರಸ್ತೆಗೆ ತರಲು ಹೊರಟರೆ ಅವರು ಬಿಡಲಿಲ್ಲ, ಮೂರನ್ನೂ ತಾವೇ ಎಳೆದುಕೊಂಡು ಹೋಗಿ ಸಾಲಾಗಿ ನಿಲ್ಲಿಸಿದರು. ಪತ್ರ ಮಾತ್ರ ಬರೆದುಕೊಡಲಿಲ್ಲ.

ಗುರುವಾರ ಬೆಳಿಗ್ಗೆ ಮಧುಕರನ ಫೋನು ಬಂತು.

"ಅಚ್ಚು, ನೀನು ಏಳನೇ ಕ್ಲಾಸಲ್ಲಿದ್ದಾಗ ನಿನ್ನ ಜಾಮಿಟ್ರಿ ಬಾಕ್ಸು ಕಳೆದುಹೋಗಿತ್ತಲ್ಲ."

"ಹೂಂ."

"ನಾನೇ ತಗೊಂಡಿದ್ದು ಕಣೋ. ಮಾರ್ಕೆಟ್ಟಲ್ಲಿ ಕೊಟ್ಟು ಗಾಳಿಪಟ ತಗೊಂಡೆ."

"ಅಣ್ಣಾ, ಅದೆಲ್ಲ ಯಾಕೀಗ? ಒಂದು ಒಳ್ಳೆ ಪ್ರಸಂಗ ಬರಿ ಅಂದೆ ನಾನು."

"ಬರೆಯೋಕೆ ಕೈಯೇ ಬರ್ತಿಲ್ಲ ಕಣೋ" ಎಂದು ಮಧುಕರ ಫೋನಿಟ್ಟ.

ಅರ್ಧ ಗಂಟೆಯಲ್ಲಿ ಕನ್ನಡ ಕೂಟದ ಅಧ್ಯಕ್ಷ ವೆಂಕಟೇಶ್ ಕರೆ ಮಾಡಿದರು. ಹೋದ ವರ್ಷ ರಾಜ್ಯೋತ್ಸವದಲ್ಲಿ ಅಚ್ಯುತ ಮಾತಾಡುತ್ತಿದ್ದಾಗ ಮೈಕು ಕೆಟ್ಟಿತ್ತಷ್ಟೇ? "ಕೆಟ್ಟಿರಲಿಲ್ಲ ಸಾರ್. ನಾನೇ ಆಫ್ ಮಾಡಿಸಿದ್ದು. ಕ್ಷಮಿಸಿಬಿಡಿ."

"ಯಾಕ್ರೀ?"

"ನಲವತ್ತು ನಿಮಿಷ ಆಗಿತ್ತು. ಬಿಸಿಬೇಳೆಬಾತು ಆರಿಹೋಗ್ತಾ ಇತ್ತು ಸಾರ್." ವೆಂಕಟೇಶ್ ಮೂಗು ಒರೆಸಿಕೊಂಡ ಸದ್ದಾಯಿತು. "ಈಗ ನಿಮ್ಮ ಹೆಸರಲ್ಲಿ ವರ್ಷಾ ವರ್ಷಾ ಒಂದು ಕ್ವಿಜ್ಜು ನಡೆಸೋದು ಅಂತ ಕಮಿಟಿ ತೀರ್ಮಾನ ಮಾಡಿದೆ."

ಅಚ್ಯುತನಿಗೆ ಮೈಕಿನ ಕೋಪ ಅಲ್ಲೇ ಇಳಿಯಿತು. "ತುಂಬ ಸಂತೋಷ. ಮೊದಲನೇ ವರ್ಷದ್ದು ನಾನೇ ಬಂದು ನಡೆಸಿಕೊಡ್ತೀನಿ ಬಿಡಿ."

"ನಿಮ್ಮ ಧೈರ್ಯ ಯಾರಿಗೂ ಬರಲ್ಲ ಸಾರ್" ಎಂದರು ವೆಂಕಟೇಶ್.

ಗುರುವಾರ ಮಧ್ಯಾಹ್ನಕ್ಕೆ ಅಚ್ಯುತನ ಖಾತೆಯಲ್ಲಿ ತಪ್ಪೊಪ್ಪಿಗೆಗಳು ಐದು, ಪತ್ರಗಳು ಸೊನ್ನೆ. ಜನಕ್ಕೆ ಸರಳವಾದ ಒಂದು ಸೂಚನೆಯನ್ನು ಪಾಲಿಸಲು ಬರುವುದಿಲ್ಲವೆಂದು ಅವನು ಕೊರಗಿದ. ತನ್ನ ಸೂಚನೆಯಲ್ಲೇ ಏನಾದರೂ ಐಬಿರಬಹುದೇ ಎಂಬ ಯೋಚನೆ ಅವನ ತಲೆಯ ಹತ್ತಿರ ಬಂದು, ಒಳಗೆ ಜಾಗವಿಲ್ಲದೆ ವಾಪಸು ಹೋಯಿತು.

ಸತ್ಯವತಿ ಒಂದು ಡೇಕೇರಿನಲ್ಲಿ ಕೆಲಸ ಮಾಡುತ್ತಿದ್ದಳು. ಆ ದಿನ ಮೂರು ಗಂಟೆಗೆ ಮನೆಗೆ ಬಂದರೆ ಹೊಸ್ತಿಲಲ್ಲಿ ನಾಲ್ಕು ಡಬ್ಬಿ, ಎರಡು ಹೂಗುಚ್ಛ. ಹಿಂದೆಯೇ ನಸೀಮಾ ಓಡಿಬಂದು ಅವಳನ್ನು ತಬ್ಬಿಕೊಂಡಳು.

"ಏನಾಯ್ತು ನಸೀಮಾ?"

"ನಿನಗ ಹೇಳಬ್ಯಾಡ ಅಂತ ಬರದಾರವ್ವಾ ಅವ್ರು" ಎಂದು ನಸೀಮಾ ಫೋನು ತೆಗೆದು ತೋರಿಸಿದಳು. ಹೇಳಬೇಡ ಎಂದಿದ್ದರು, ತೋರಿಸಬೇಡ ಎಂದಿರಲಿಲ್ಲ.

ಸತ್ಯವತಿ ಎರಡು ಸಲ ಓದಿದಳು. ಮೆಟ್ಟಿಲ ಮೇಲೆಯೇ ಕುಳಿತಳು. ಅವಳು ಸುಲಭಕ್ಕೆ ನಂಬುವ ಹೆಂಗಸಲ್ಲ. ಆದ್ದರಿಂದ ಒಳಗೆ ಹೋಗಿ ನೇರವಾಗಿ ಅಚ್ಯುತ ಹೋಗುವ ಕ್ಲಿನಿಕ್ಕಿಗೇ ಫೋನು ಮಾಡಿದಳು. ಅಲ್ಲಿನ ಹುಡುಗಿ ಜೇನಿನಂಥ ದನಿಯಲ್ಲಿ, ರೋಗಿಯ ಒಪ್ಪಿಗೆಯಿಲ್ಲದೆ ಹೆಂಡತಿಗೂ ಏನನ್ನೂ ತಿಳಿಸುವಂತಿಲ್ಲ ಎಂದಳು. ಏನೂ ಕಾಯಿಲೆಯಿಲ್ಲ ಎಂದಾದರೂ ಹೇಳು ಎಂದು ಸತ್ಯವತಿ ಕೇಳಿದಳು. ಇದೆ ಎಂದೂ ಹೇಳುವಂತಿಲ್ಲ, ಇಲ್ಲ ಎಂದೂ ಹೇಳುವಂತಿಲ್ಲ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ ಎಂದಳು ಹುಡುಗಿ. ಕಾಂಪೌಂಡರನೇ ಅಂಗಡಿ ಬೀದಿಯಲ್ಲಿ ನಿಂತು ಊರವರ ಬಿಪಿ ಶುಗರ್ ಒಪ್ಪಿಸುವುದನ್ನು ನೋಡಿ ಬೆಳೆದವಳಿಗೆ, ಹೇಳುವಂತಿಲ್ಲ ಎಂಬ ಮಾತಿಗೆ ಒಂದೇ ಅರ್ಥ. ಕೊನೆಯ ಆಸೆಯೆಂದು ಅವನ ಆಫೀಸಿಗೆ ಕೇಳಿದಳು. ಅವರ ವಿಷಯ ಶುಕ್ರವಾರ ಐದು ಗಂಟೆಯವರೆಗೆ ಗೋಪ್ಯ ಎಂದು ಉತ್ತರ ಬಂತು. ಅಲ್ಲಿಗೆ ಎರಡು ದೊಡ್ಡ ಸಂಸ್ಥೆಗಳು ಸುದ್ದಿಯನ್ನು ಖಚಿತಪಡಿಸಿದಂತಾಯಿತು.

ತನಗೆ ನೋವಾಗಬಾರದೆಂದು ಮುಚ್ಚಿಟ್ಟಿದ್ದಾರೆ, ತಿಳಿದಂತೆ ತೋರಿಸಿಕೊಳ್ಳಬಾರದು ಎಂದು ಅವಳು ಗಟ್ಟಿ ಮನಸ್ಸು ಮಾಡಿದಳು. ಗಾರ್ಗಿಗೆ ಮಾತ್ರ ಹೇಳಿದಳು.

ಆ ಸಂಜೆ ಊಟಕ್ಕೆ ಕುಳಿತಾಗ ಅಚ್ಯುತ ವಾಡಿಕೆಯಂತೆ, "ಸಾರಿಗೆ ಉಪ್ಪು ಒಂದು ಚೂರು ಕಮ್ಮಿ" ಎಂದ. ಬೇರೆ ದಿನವಾಗಿದ್ದರೆ ಉಪ್ಪಿನ ಡಬ್ಬಿಯೂ ಅದರ ಹಿಂದೆ ನಾಲ್ಕು ಮಾತೂ ಬರುತ್ತಿದ್ದವು. ಅಂದು ಸತ್ಯವತಿ, "ನೀವು ಹೇಳಿದ್ದೇ ಸರಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹದಿನೆಂಟು ವರ್ಷದ ಸಂಸಾರದಲ್ಲಿ ಆ ವಾಕ್ಯ ಕೇಳಿದ್ದು ಅದೇ ಮೊದಲಾದ್ದರಿಂದ ಅಚ್ಯುತ ಗಾಬರಿಯಾಗಿ ಉಪ್ಪಿಲ್ಲದೆಯೇ ಉಣ್ಣತೊಡಗಿದ. ಅಷ್ಟರಲ್ಲಿ ಗಾರ್ಗಿ ಫೋನು ಪಕ್ಕಕ್ಕಿಟ್ಟು ಅವನ ಹತ್ತಿರ ಕುರ್ಚಿ ಎಳೆದುಕೊಂಡಳು.

"ಡ್ಯಾಡ್, ಟೆಲ್ ಮಿ ದಟ್ ರ‍್ಯಾಂಕ್ ಸ್ಟೋರಿ ಅಗೇನ್."

ಅಚ್ಯುತ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. ಆಮೇಲೆ ಐವತ್ತು ನಿಮಿಷ ಹೇಳಿದ. ವಿಜ್ಞಾನದ ಪತ್ರಿಕೆಯ ಮೂರನೆಯ ಪ್ರಶ್ನೆಯನ್ನೂ ಬಿಡಲಿಲ್ಲ. ತಾಯಿ ಮಗಳು ಇಬ್ಬರೂ ಕಣ್ಣೀರು ಸುರಿಸುತ್ತ ಕೇಳಿದರು. ಕೊನೆಗೂ ಈ ಮನೆಯಲ್ಲಿ ತನ್ನ ಯೋಗ್ಯತೆ ತಿಳಿಯಿತೆಂದು ಅವನಿಗೆ ಎದೆ ತುಂಬಿ ಬಂತು.

ಶುಕ್ರವಾರ ಅವನು ಮನೆಯಿಂದಲೇ ಕೆಲಸ ಮಾಡುವ ದಿನ. ಮೂರೂವರೆಯಾದರೂ ಪತ್ರಗಳು ಸೊನ್ನೆಯೇ. ಪ್ರದ್ಯುಮ್ನನ ಹತ್ತು ಪತ್ರಗಳು ಆಗಲೇ ಅಚ್ಚುಕಟ್ಟಾಗಿ ಡೈರೆಕ್ಟರಮ್ಮನ ಕೈಸೇರಿದ್ದವು. ಕುರ್ಚಿ ಕೈತಪ್ಪಿದರೆ ಡ್ಯಾನ್‌ವಿಲ್‌ನಿಂದ ಸರಸ್ವತಿಪುರದವರೆಗೆ ತಲೆಯೆತ್ತಿ ತಿರುಗುವ ಹಾಗಿಲ್ಲ. ಆಗ ಬಾಗಿಲ ಗಂಟೆ ಬಡಿಯಿತು.

ಜಲೀಲರು ಮಸೀದಿಯಿಂದ ನೇರವಾಗಿ ಬಂದಿದ್ದರು, ತಲೆಯ ಮೇಲೆ ಟೋಪಿ ಇನ್ನೂ ಇತ್ತು. ಹಿಂದೆ ನಸೀಮಾ. ಅವಳ ಹಿಂದೆ ವೆಂಕಟೇಶ್, ವೆಂಕಟೇಶರ ಹಿಂದೆ ಕೂಟದ ಕಮಿಟಿಯವರು ಆರು ಮಂದಿ, ರೇಷ್ಮೆಯನ್ನೂ ಉಡದೆ ಕರಿಯನ್ನೂ ಉಡದೆ ನಡುವಿನ ಬಣ್ಣಗಳಲ್ಲಿ. ಎಲ್ಲರೂ ಚಪ್ಪಲಿ ಬಿಟ್ಟು, ತಂದ ಅಡುಗೆಯ ಡಬ್ಬಿಗಳನ್ನಿಟ್ಟು ಹಾಲಿನಲ್ಲಿ ಮೆಲ್ಲಗೆ ಕುಳಿತರು. ಬರೆಯಲು ಸೋಮಾರಿತನವಾಗಿ ಬಾಯಲ್ಲೇ ಹೇಳಲು ಬಂದಿದ್ದಾರೆಂದು ಅಚ್ಯುತ ತಿಳಿದ. ಅವನ ಜೀವಕ್ಕೆ ಜೀವ ಬಂದಂತಾಯಿತು. ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, ಮೈಸೂರಿನಲ್ಲಿ ಬೆಳಗಿನ ಜಾವದಲ್ಲೇ ಎದ್ದು ಕುಳಿತಿದ್ದ ಮಧುಕರನನ್ನು ಫೋನಿನ ಸ್ಪೀಕರಿಗೆ ಹಾಕಿ, ಇಂಗ್ಲಿಷಿಗೆ ತಿರುಗಿಸಲು ಗಾರ್ಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ. ನಾಲ್ಕಕ್ಕೆ ಸರಿಯಾಗಿ ಪರದೆಯ ಮೇಲೆ ಡೈರೆಕ್ಟರಮ್ಮ ಮತ್ತು ಕೋಚ್ ಮೂಡಿದರು. ಜನ ನೋಡಿ ಕೋಚ್‌ನ ಹುಬ್ಬು ಮೇಲೇರಿತು.

"ಒಬ್ಬೊಬ್ಬರಾಗಿ ಒಂದೊಂದು ಪ್ರಸಂಗ ಹೇಳಿ" ಎಂದ ಅಚ್ಯುತ. "ಐದರೊಳಗೆ ಮುಗೀಬೇಕು."

ಐದು ಗಂಟೆಯ ಹೆಸರು ಕೇಳಿ ನಸೀಮಾ ಬಿಕ್ಕಿದಳು. ಜಲೀಲರು ಎದ್ದು ನಿಂತರು.

"ನಮ್ಮ ಅಬ್ಬಾ ಇಲ್ಲಿಗೆ ಬಂದಾಗ ನಾ ಊರಾಗ ಇದ್ದಿದ್ದಿಲ್ಲರಿ. ಫ್ಲೈಟು ಏಳು ತಾಸು ತಡಾ. ಈ ಸರ ಏಳು ತಾಸು ಏರ್‌ಪೋರ್ಟಿನಾಗ ಕುಂತ್ರು. ಅಬ್ಬಾಗ ನಮಾಜಿನ ಹೊತ್ತಾದಾಗ ಫೋನಿನಾಗ ದಿಕ್ಕು ನೋಡಿ, ತಮ್ಮ ಕೋಟು ತಗದು ನೆಲಕ್ಕ ಹಾಸಿ ಕೊಟ್ರು. ಅಬ್ಬಾ ಸಾಯೋತನಕ ಆ ಕೋಟಿನ ಮಾತ ಆಡಿದ್ರು."

"ಆ ದಿಕ್ಕು ಕಂಡುಹಿಡಿಯೋಕೆ ಗೋಳದ ಮೇಲಿನ ತ್ರಿಕೋಣಮಿತಿ ಬೇಕಾಗತ್ತೆ. ಅದನ್ನೂ ಸೇರಿಸಿ" ಎಂದು ಅಚ್ಯುತ ಪಿಸುಗುಟ್ಟಿದ. ಯಾರೂ ಸೇರಿಸಲಿಲ್ಲ.

ನಸೀಮಾ, ತನಗೆ ಮೂರನೆಯ ಹೆರಿಗೆಯಾದಾಗ ಅವನು ತಿಂಗಳುಗಟ್ಟಲೆ ತನ್ನ ದೊಡ್ಡ ಮಕ್ಕಳನ್ನು ಶಾಲೆಗೆ ಬಿಟ್ಟದ್ದನ್ನು ಹೇಳಿದಳು. ದಾರಿಯಲ್ಲಿ ಮಗ್ಗಿ ಕೇಳಿ ಜೀವ ತಿನ್ನುತ್ತಿದ್ದರಂತೆ, ಆದರೆ ಒಂದು ದಿನವೂ ತಡಮಾಡಲಿಲ್ಲವಂತೆ. ವೆಂಕಟೇಶ್, ಕೂಟದ ಪ್ರತಿ ಕಾರ್ಯಕ್ರಮ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಬಾಡಿಗೆ ಹಾಲಿನ ನೂರೆಂಬತ್ತು ಕುರ್ಚಿಗಳನ್ನು ಮಡಚಿಡುವವರು ಇವರೊಬ್ಬರೇ ಎಂದರು. ಕಮಿಟಿಯವರು ಒಬ್ಬರಾದ ಮೇಲೊಬ್ಬರು ಎದ್ದರು. ವೀಸಾ ಇಂಟರ್‌ವ್ಯೂಗೆ ಜೊತೆಗೆ ಬಂದದ್ದು, ಹೊಸದಾಗಿ ಬಂದವರಿಗೆ ಅಪಾರ್ಟ್‌ಮೆಂಟು ಹುಡುಕಿಕೊಟ್ಟದ್ದು, ಫ್ರೀವೇಯಲ್ಲಿ ಕಾರು ಕೆಟ್ಟಾಗ ಬಂದು ಪಕ್ಕದಲ್ಲಿ ಕುಳಿತದ್ದು. ಯಾರ ಬಾಯಲ್ಲೂ ಬುದ್ಧಿ ಎಂಬ ಶಬ್ದ ಬರಲಿಲ್ಲ. ಅಚ್ಯುತನ ಮುಖ ಸಣ್ಣದಾಗುತ್ತ ಹೋಯಿತು.

"ಅಣ್ಣಾ, ನೀನಾದ್ರೂ ರ‍್ಯಾಂಕಿನ ವಿಷಯ ಹೇಳು" ಎಂದು ಅವನು ಫೋನಿನ ಹತ್ತಿರ ಬಾಗಿದ.

"ಹೇಳ್ತೀನಿ" ಎಂದ ಮಧುಕರ. "ಅವನಿಗೆ ರ‍್ಯಾಂಕ್ ಬಂದ ವರ್ಷಾನೇ ನಾನು ಪಿಯುಸೀಲಿ ಡುಮ್ಕಿ ಹೊಡೆದೆ. ಪೇಪರಿನೋರು ಫೋಟೋ ತೆಗೆಯೋಕೆ ಮನೆಗೆ ಬಂದ್ರು. ನಾನು ಹಿತ್ತಲಲ್ಲಿ ಅವಿತುಕೊಂಡಿದ್ದೆ. ಅಣ್ಣ ಪಕ್ಕದಲ್ಲಿ ನಿಂತ್ರೆ ಮಾತ್ರ ಫೋಟೋ, ಇಲ್ದಿದ್ರೆ ಬೇಡ ಅಂದುಬಿಟ್ಟ ಇವನು. ಕೈ ಹಿಡಿದು ಎಳ್ಕೊಂಡು ಬಂದು ನಿಲ್ಲಿಸಿಕೊಂಡ. ಆವತ್ತು ಅವನು ಹಾಗೆ ಮಾಡದೇ ಇದ್ದಿದ್ರೆ ನಾನು ಮನೆ ಬಿಟ್ಟು ಹೋಗ್ತಿದ್ದೆ."

ರ‍್ಯಾಂಕಿನ ಕಥೆಯನ್ನು ಸಾವಿರ ಸಲ ಹೇಳಿದ್ದ ಅಚ್ಯುತನಿಗೆ ಈ ಭಾಗ ಮರೆತೇ ಹೋಗಿತ್ತು. ಪರದೆಯ ಮೇಲೆ ಡೈರೆಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡು, ಬಹಳ ಒಳ್ಳೆಯ ಮಾತುಗಳು, ಆದರೆ ಇವರೆಲ್ಲ ಇಷ್ಟೊಂದು ಅಳುತ್ತಿರುವುದೇಕೆ ಎಂದು ಕೇಳಿದಳು.

"ಅದೇ ನನಗೂ ಗೊತ್ತಾಗ್ತಿಲ್ಲ" ಎಂದು ಅಚ್ಯುತ ಹಿಂದೆ ತಿರುಗಿದ. "ಯಾಕೆ ಅಳ್ತಿದ್ದೀರಿ? ಪ್ರಮೋಷನ್ನಿಗೆ ಯಾರಾದ್ರೂ ಅಳ್ತಾರಾ?"

ಅಳುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಬಾಯಿಬಿಟ್ಟವರು ಜಲೀಲರು. "ಅಂದ್ರ ನೀವು ಸಾಯಂಗಿಲ್ಲೇನ್ರಿ ಸರ?"

"ನಾನ್ಯಾಕೆ ಸಾಯ್ಲಿ?"

"ಕ್ವಿಜ್ಜಿನ ಟ್ರೋಫಿ ಮೇಲೆ ಸ್ಮಾರಕ ಅಂತ ಕೆತ್ತಿಸಿ ಆಗಿದೆ ಸಾರ್" ಎಂದರು ವೆಂಕಟೇಶ್, ಸ್ವಲ್ಪ ಅಸಮಾಧಾನದಿಂದಲೇ.

"ತಡಿ, ಪ್ರಮೋಷನ್ ಆರು ತಿಂಗಳ ಹಿಂದೇನೇ ಆಯ್ತು ಅಂದಿದ್ಯಲ್ಲೋ?" ಎಂದಿತು ಫೋನು. "ಎರಡು ಕೆಜಿ ಮೈಸೂರುಪಾಕು ಹಂಚಿದೀನಿ ನಾನು."

ಗಾರ್ಗಿ ಇದೆಲ್ಲವನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಅಪ್ಪ ಸಾಯುವುದಿಲ್ಲವೆಂಬ ಖುಷಿಯಲ್ಲಿ ಅವಳ ಅನುವಾದ ಇನ್ನಷ್ಟು ಸ್ಪಷ್ಟವಾಗಿತ್ತು. ಕೋಚ್ ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು ಗಡಿಯಾರ ನೋಡಿದ. ನಾಲ್ಕು ಐವತ್ತೆರಡು. ಕಮಿಟಿಯ ಒಬ್ಬರು ಅಳುವುದರಲ್ಲೇ ಕಾಲ ಕಳೆದು ಏನನ್ನೂ ಹೇಳಿರಲಿಲ್ಲ, ಈಗ ಹೇಳಲು ಇಷ್ಟವೂ ಇರಲಿಲ್ಲ. ಒಂಬತ್ತಾಗಿದೆ, ಇನ್ನೊಂದು ಬೇಕು, ಯಾರಾದರೂ ಇದ್ದೀರಾ ಎಂದು ಕೋಚ್ ಕೇಳಿದ.

ಎಲ್ಲರ ಕಣ್ಣೂ ಅಡುಗೆಮನೆಯ ಬಾಗಿಲ ಕಡೆ ಹೋಯಿತು. ಸತ್ಯವತಿ ಅಲ್ಲಿ ನಿಂತಿದ್ದಳು. ಅವಳ ಮುಖ ನೋಡಿ ಅಚ್ಯುತನಿಗೆ, ನಿಜಕ್ಕೂ ಯಾವುದಾದರೂ ಕಾಯಿಲೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಲೋಕದಲ್ಲಿ ಹತ್ತು ಜನ ಸಿಕ್ಕಿದ್ರು ನಿಮಗೆ. ನಾನೊಬ್ಳು ಸಿಗ್ಲಿಲ್ಲ" ಎಂದಳು.

"ನೀನು ನಗ್ತೀಯ ಅಂತ."

"ಎರಡು ದಿನದಿಂದ ನಗ್ತಾನೇ ಇದ್ದೀನಿ, ನೋಡಿ ಹೇಗಿದೆ ಕಣ್ಣು" ಎಂದು ಅವಳು ಬಂದು ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಪರದೆಯನ್ನೇ ನೋಡುತ್ತ ಕನ್ನಡದಲ್ಲೇ ಶುರುಮಾಡಿದಳು.

"ಇವರು ಬುದ್ಧಿವಂತರು ಅಂತ ಎಲ್ಲರೂ ಹೇಳ್ತಾರೆ. ಇವರೂ ಹೇಳ್ತಾರೆ. ಆ ಕಾಗದ ಓದಿದ ಮೇಲೆ ಆ ವಿಷಯ ನಾನು ಮಾತಾಡಲ್ಲ. ನಿನ್ನೆ ಅದನ್ನ ಓದಿ, ನಾನೇ ಡಾಕ್ಟರ ಹತ್ರ ಹೋಗಿ ಜಗಳ ಆಡೋಣ ಅಂತ ಕಾರು ಹತ್ತಿದೆ. ಕಾರಲ್ಲಿ ಗ್ಯಾಸು, ಅದೇ ನಮ್ಮೂರ ಪೆಟ್ರೋಲು, ಎಷ್ಟಿದೆ ಅಂತ ನೋಡಿದೆ. ಅದನ್ನ ನಾನು ನೋಡಿದ್ದು ಅದೇ ಮೊದಲು. ಫುಲ್ ಇತ್ತು. ಮದುವೆಯಾಗಿ ಹದಿನೆಂಟು ವರ್ಷ ಆಯ್ತು, ನಾನು ಒಂದು ಸಲಾನೂ ಗ್ಯಾಸು ಹಾಕಿಲ್ಲ. ಯಾವಾಗ ಹತ್ತಿದ್ರೂ ಇರ್ತಿತ್ತು. ಯಾರು ಹಾಕ್ತಾರೆ, ಯಾವಾಗ ಹಾಕ್ತಾರೆ, ನಾನು ಕೇಳಿಲ್ಲ. ಟ್ಯಾಂಕಿನ ಮುಚ್ಚಳ ಯಾವ ಕಡೆ ಇದೆ ಅನ್ನೋದೂ ನನಗೆ ಗೊತ್ತಿಲ್ಲ."

ಅವಳು ಅಚ್ಯುತನ ಕಡೆ ಕೈ ತೋರಿಸಿದಳು. "ಇವರೂ ಹೇಳ್ಕೊಂಡಿಲ್ಲ. ಮಿಕ್ಕಿದ್ದೆಲ್ಲ ಹೇಳ್ಕೊಂಡಿದ್ದಾರೆ, ಇದೊಂದು ಹೇಳ್ಕೊಂಡಿಲ್ಲ. ನಾನು ಎಲ್ಲೂ ಹೋಗಲಿಲ್ಲ. ಗರಾಜಲ್ಲೇ ಕೂತು ಅತ್ತೆ. ಅಷ್ಟೇ ನಾನು ಹೇಳೋದು."

ಗಾರ್ಗಿಯ ಅನುವಾದ ಮೊದಲ ಬಾರಿಗೆ ತಡವರಿಸಿತು. ಅವಳು ಅದನ್ನು ಮುಗಿಸಿದಾಗ ನಾಲ್ಕು ಐವತ್ತೊಂಬತ್ತು.

ಅಂದು ಸಂಜೆ ಯಾರೂ ಅಚ್ಯುತನನ್ನು ಸರಿಯಾಗಿ ಮಾತಾಡಿಸಲಿಲ್ಲ. ಆದರೆ ತಂದ ಅಡುಗೆ ಹಾಳು ಮಾಡುವುದು ಹೇಗೆಂದು ಎಲ್ಲರೂ ಅಲ್ಲೇ ಕುಳಿತು ಊಟ ಮುಗಿಸಿದರು. ಮೈಕು ಆಫ್ ಮಾಡಿಸಿದ್ದಕ್ಕೆ ಕೇಳಿದ ಕ್ಷಮೆಯನ್ನು ವೆಂಕಟೇಶ್ ವಾಪಸು ತೆಗೆದುಕೊಂಡರು. ಜಲೀಲರು ಮಾತ್ರ ಹೊರಡುವಾಗ, ಆ ಮೂವತ್ತಾರರ ಹುಡುಗನಿಗೂ ಏನೂ ಆಗಿಲ್ಲ ತಾನೇ ಎಂದು ವಿಚಾರಿಸಿಕೊಂಡು ಹೋದರು.

ಸೋಮವಾರ ಡೈರೆಕ್ಟರಮ್ಮ ಅಚ್ಯುತನನ್ನು ಕರೆದು, ಆ ಕುರ್ಚಿ ನಿನ್ನದು ಎಂದಳು. ಪ್ರದ್ಯುಮ್ನನ ಹತ್ತು ಪತ್ರಗಳಲ್ಲೂ ಅವನು ಬಹಳ ಬುದ್ಧಿವಂತ ಎಂದೇ ಬರೆದಿದೆ. ಈ ಕಟ್ಟಡದಲ್ಲಿ ಬುದ್ಧಿವಂತರಲ್ಲದವರನ್ನು ಹುಡುಕುವುದೇ ಕಷ್ಟ. ಕೇಳದೆ ಕೆಲಸ ಮಾಡಿ, ಮಾಡಿದ್ದನ್ನು ಹೇಳಿಕೊಳ್ಳದೆ ಇರುವವನ ಕೈಕೆಳಗೆ ಜನ ನೆಮ್ಮದಿಯಾಗಿರುತ್ತಾರೆ ಎಂದಳು. ಜೊತೆಗೆ, ಮೀಟಿಂಗುಗಳಲ್ಲಿ ಇನ್ನು ಮೇಲೆ ಸ್ವಲ್ಪ ಕಡಿಮೆ ಮಾತಾಡಿದರೆ ಒಳ್ಳೆಯದು ಎಂದೂ ಹೇಳಿದಳು. ಕೊನೆಗೆ ಯಾವ ಮಾತಿನಿಂದ ತೀರ್ಮಾನವಾಯಿತೆಂದು ಅಚ್ಯುತ ಆಸೆಯಿಂದ ಕೇಳಿದ. ನಿನ್ನ ಹೆಂಡತಿ ಹೇಳಿದ್ದು, ಆ ಗ್ಯಾಸಿನ ಮಾತು ಎಂದು ಉತ್ತರ ಬಂತು. ಕಾಗದಪತ್ರದಲ್ಲಿ ಕಾರಣದ ಜಾಗದಲ್ಲಿ ಬುದ್ಧಿಮತ್ತೆ ಎಂದು ಹಾಕಲು ಸಾಧ್ಯವೇ ಎಂದು ಅವನು ವಿನಯದಿಂದ ವಿಚಾರಿಸಿದ. ಸಾಧ್ಯವಿರಲಿಲ್ಲ.

ಸಂಜೆ ಮನೆಗೆ ಬಂದು ಮಧುಕರನಿಗೆ ಫೋನು ಮಾಡಿದ. "ಅಣ್ಣಾ, ಆಯ್ತು. ಈ ಸಲ ನಿಜವಾಗ್ಲೂ ಆಯ್ತು. ಆರ್ಡರು ಕೈಯಲ್ಲಿದೆ."

"ಒಳ್ಳೇದಾಯ್ತಪ್ಪ" ಎಂದ ಮಧುಕರ. "ಏನ್ ನೋಡಿ ಕೊಟ್ರು?"

ಬುದ್ಧಿ ಎಂಬ ಶಬ್ದ ಅಚ್ಯುತನ ನಾಲಗೆಯ ತುದಿಗೆ ಬಂದಿತ್ತು. ಸತ್ಯವತಿ ಎದುರಿನ ಸೋಫಾದಲ್ಲಿ ಬಟ್ಟೆ ಮಡಚುತ್ತಿದ್ದಳು. ತಲೆಯೆತ್ತಿ ನೋಡಲೂ ಇಲ್ಲ. ನೋಡಿದ್ದರೆ ಅವನು ಹೇಳಿಬಿಡುತ್ತಿದ್ದನೋ ಏನೋ.

"ಅಂಥದ್ದೇನಿಲ್ಲ ಅಣ್ಣ" ಎಂದ. "ನಾನೇನೂ ದೊಡ್ಡ ಬುದ್ಧಿವಂತ ಅಂತ ಅಲ್ಲ. ಇವಳ ಕಾರಿಗೆ ಗ್ಯಾಸು ಹಾಕಿಸ್ತಿದ್ನಲ್ಲ, ಅದಕ್ಕೆ ಕೊಟ್ರು."

ಮಧುಕರನ ದನಿ ಮೆಲ್ಲಗೆ, ಗಾಬರಿಯಿಂದ ಬಂತು.

"ಅಚ್ಚು, ನನ್ನ ಹತ್ರ ಏನೂ ಮುಚ್ಚಿಡಬೇಡ. ಡಾಕ್ಟರು ಏನಂದ್ರು?"